ಜೋಳಿಗೆಗೆ ಹಾಕಿದ ಮರುದಿನ



ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟು, ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಾಡಿನಲ್ಲಿ ವ್ಯಸನಮುಕ್ತ ದಿನ. ಆ ಜೋಳಿಗೆಯಿಂದ ಉಳಿದ ಸಂಸಾರಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಜೋಳಿಗೆಗೆ ಹಾಕಿದ ಮರುದಿನ ಏನಾಗುತ್ತದೆ? ನಾವು ಮಾತನಾಡದ ಸಂಗತಿ ಅದು.

ನನ್ನ ತಮ್ಮನೊಬ್ಬ ನಮ್ಮೂರ ಜಾತ್ರೆಯಲ್ಲಿ ಹಾಗೆಯೇ ಕುಡಿತ ಬಿಡುವ ಸಂಕಲ್ಪ ಮಾಡಿದ. (ನನಗೆ ಮೂವರು ತಮ್ಮಂದಿರು, ಯಾರೆಂದು ಕೇಳಬೇಡಿ. ಅವನ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.) ಅವ್ವ ಆನಂದದಿಂದ ಅತ್ತಳು. ನಲವತ್ತು ದಿನ ಮುಟ್ಟಲಿಲ್ಲ. ಒಂದು ಮದುವೆಯಲ್ಲಿ ಮತ್ತೆ ಮುಟ್ಟಿದ. ಅಂದಿನಿಂದ ಮಠದ ಕಡೆ ಸುಳಿಯುವುದನ್ನೇ ಬಿಟ್ಟ. ಕರೆದರೆ, "ಅಣ್ಣಾ, ಯಾವ ಮಾರಿ ಇಟ್ಕೊಂಡು ಬರ್ಲಿ? ಅಜ್ಜಾರ ಜೋಳಿಗ್ಯಾಗ ಹಾಕಿದ್ದನ್ನ ನಾನ ತಿರುಗಿ ತಗೊಂಡೀನಿ" ಎಂದ. ಅಜ್ಜಾರು ಅವನಿಗೆ ಒಂದು ಮಾತೂ ಅಂದಿರಲಿಲ್ಲ. ನಾಚಿಕೆಯೇ ಅವನಿಗೆ ಮಠದ ಬಾಗಿಲು ಮುಚ್ಚಿತ್ತು.

ನಾನು ಕಾಂಕ್ರೀಟಿನಲ್ಲಿ ಮೂವತ್ತು ವರ್ಷ ಕಳೆದವನು. ಸ್ಲ್ಯಾಬ್ ಹಾಕಿದ ದಿನ ಎಲ್ಲರೂ ಸೇರಿ ಪೂಜೆ ಮಾಡುತ್ತಾರೆ, ಸಿಹಿ ಹಂಚುತ್ತಾರೆ. ಆದರೆ ಮರುದಿನದಿಂದ ತಪ್ಪದೆ ನೀರುಣಿಸಿ ಕ್ಯೂರಿಂಗ್ ಮಾಡದಿದ್ದರೆ ಅದು ಬಿರುಕು ಬಿಡುತ್ತದೆ. ಸಂಕಲ್ಪವೂ ಹಾಗೆಯೇ. ದಿನವೂ ನೀರು ಹಾಕುವವರು ಬೇಕು.

ಆ ನೀರು ನನ್ನ ತಮ್ಮನಿಗೆ ಸಿಕ್ಕಿದ್ದು 'ಆಲ್ಕೊಹಾಲಿಕ್ಸ್ ಅನಾನಿಮಸ್' ಸಭೆಯಲ್ಲಿ. 1935ರಲ್ಲಿ ಅಮೆರಿಕದ ಆಕ್ರನ್ ಎಂಬ ಊರಿನಲ್ಲಿ ಕುಡಿತಕ್ಕೆ ಬಿದ್ದಿದ್ದ ಒಬ್ಬ ಷೇರು ವ್ಯವಹಾರದವನೂ ಒಬ್ಬ ಶಸ್ತ್ರಚಿಕಿತ್ಸಕನೂ ಪರಸ್ಪರ ಕಷ್ಟ ಹೇಳಿಕೊಂಡು ಶುರುಮಾಡಿದ ಕೂಟ ಅದು. ಅಲ್ಲಿ ಪ್ರವಚನಕಾರರಿಲ್ಲ. ಕುಡಿತ ಬಿಟ್ಟವರು, ಬಿಡಬೇಕೆನ್ನುವವರು ಸುತ್ತ ಕುಳಿತು ಸರದಿಯಂತೆ ತಮ್ಮ ಅನುಭವ ಹೇಳುತ್ತಾರೆ. ಶುಲ್ಕವಿಲ್ಲ. ಬಿಡುವ ಇಚ್ಛೆಯೊಂದಿದ್ದರೆ ಸಾಕು. ಎಡವಿ ಬಂದವನನ್ನು ಯಾರೂ ಲೆಕ್ಕ ಕೇಳುವುದಿಲ್ಲ. ಕುರ್ಚಿ ಎಳೆದು ಕೂರಿಸುತ್ತಾರೆ. ಜನ್ಮಪೂರ್ತಿ ಬಿಡುತ್ತೇನೆಂಬ ಆಣೆ ಬೇಡ, ಇವತ್ತು ಒಂದು ದಿನ ಕುಡಿಯದಿದ್ದರೆ ಆಯಿತು ಎನ್ನುತ್ತಾರೆ.

ಸಭೆ ಹುಡುಕುವುದು ಹೇಗೆ? ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಕೇಳಿ. ವ್ಯಸನಮುಕ್ತಿಗೆಂದೇ ಇರುವ ಸಹಾಯವಾಣಿ 14446, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416. ಎರಡೂ ಉಚಿತ. ಯಾವ ಭಾಷೆಯಲ್ಲಿ ನಡೆಯುತ್ತದೆ ಎಂದು ಮೊದಲೇ ವಿಚಾರಿಸಿ. 'ಮುಕ್ತ ಸಭೆ'ಗೆ ಮನೆಯವರೂ ಹೋಗಬಹುದು. ಇನ್ನೊಂದು ಬಗೆಯದು ಕುಡಿತದ ತೊಂದರೆ ಇರುವವರಿಗೆ ಮಾತ್ರ. ಮೊದಲ ದಿನ ಸುಮ್ಮನೆ ಕೇಳಿಸಿಕೊಂಡು ಬಂದರೂ ಸರಿ. ಒಂದು ಕಡೆ ಮನಸ್ಸು ಕೂಡದಿದ್ದರೆ ಇನ್ನೊಂದು ಸಭೆಗೆ ಹೋಗಿ ನೋಡಿ. ಹೆಂಡತಿ, ತಂದೆ-ತಾಯಿಗಳಿಗಾಗಿ 'ಅಲ್-ಅನಾನ್' ಎಂಬ ಬೇರೆಯೇ ಕೂಟವಿದೆ.

ಒಂದು ಎಚ್ಚರಿಕೆ. ದಿನವೂ ವಿಪರೀತ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಕೈನಡುಕ, ಫಿಟ್ಸ್, ಭ್ರಮೆ ಬಂದು ಜೀವಕ್ಕೇ ಅಪಾಯವಾಗಬಹುದು. ಜಾತ್ರೆಯಲ್ಲಿ ಸಂಕಲ್ಪ ಮಾಡಿಸುವವರೂ ಇದನ್ನು ಅರಿತು ಮೊದಲು ವೈದ್ಯರ ಬಳಿ ಕಳಿಸಬೇಕು. ಸಭೆ ಔಷಧಕ್ಕೆ ಬದಲಿಯಲ್ಲ.

"ಅದು ಕ್ರೈಸ್ತರದ್ದಲ್ಲವೇ?" ಎಂದು ನಮ್ಮವರು ಕೇಳುತ್ತಾರೆ. ಅನೇಕ ಸಭೆಗಳು ಚರ್ಚಿನ ಕೋಣೆಗಳಲ್ಲಿ ನಡೆಯುವುದು ನಿಜ. ಕೋಣೆ ಕೊಟ್ಟವರು ಅವರು. ಕೂಟ ಯಾವ ಮತಕ್ಕೂ ಸೇರಿದ್ದಲ್ಲ. ಅವರ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ, ಆದರೆ ಆ ದೇವರು ಯಾರೆಂಬುದು ಅವರವರ ಅರಿವಿಗೆ ಬಿಟ್ಟದ್ದು. ನನ್ನ ತಮ್ಮ ಇಷ್ಟಲಿಂಗ ಧರಿಸಿಯೇ ಅಲ್ಲಿ ಕೂರುತ್ತಾನೆ. ಮೇಲು-ಕೀಳಿಲ್ಲದೆ ಕುಳಿತು ಅನುಭವ ಹಂಚಿಕೊಳ್ಳುವ ಪದ್ಧತಿ ಅನುಭವ ಮಂಟಪದ ವಾರಸುದಾರರಾದ ನಮಗೆ ಪರಕೀಯವೆನಿಸಿದರೆ ತಪ್ಪು ನಮ್ಮದೇ.

ಆದ್ದರಿಂದ ಮಠಗಳಲ್ಲಿ ನನ್ನ ಬಿನ್ನಹವಿಷ್ಟೆ: ವಾರಕ್ಕೊಮ್ಮೆ, ಒಂದೂವರೆ ತಾಸು, ಒಂದು ಕೋಣೆ ಕೊಡಿ. ಬ್ಯಾನರ್ ಬೇಡ, ಫೋಟೊ ಬೇಡ, ವೇದಿಕೆಗೆ ಕರೆದು ಶಾಲು ಹೊದಿಸುವುದಂತೂ ಬೇಡವೇ ಬೇಡ. ಹೆಸರು ಹೊರಬೀಳದು ಎಂಬ ಭರವಸೆಯ ಮೇಲೆಯೇ ಅವರು ಬಾಯಿ ಬಿಡುತ್ತಾರೆ. ಹೊರಗಿನವರ ದೇಣಿಗೆ ತೆಗೆದುಕೊಳ್ಳಬಾರದೆಂಬುದು ಅವರ ನಿಯಮ. ಸದಸ್ಯರೇ ಕೂಡಿಸಿದ ಹಣದಲ್ಲಿ ಅಲ್ಪಸ್ವಲ್ಪ ಬಾಡಿಗೆ ಕೊಟ್ಟರೆ ದಯಮಾಡಿ ತೆಗೆದುಕೊಳ್ಳಿ. ಎಲ್ಲವನ್ನೂ ದಾಸೋಹವಾಗಿ ಕೊಡುವ ನಮಗೆ ಇದು ಕಷ್ಟ. ಆದರೆ ಸ್ವಂತ ಕಾಲ ಮೇಲೆ ನಿಲ್ಲುವುದನ್ನು ಕಲಿಯುತ್ತಿರುವವರಿಗೆ ಆ ಹಣ ಕೊಡುವುದೂ ಔಷಧವೇ.

ನನ್ನ ತಮ್ಮ ಕುಡಿಯದೆ ಈಗ ನಾಲ್ಕನೆಯ ವರ್ಷ. ಸಭೆಗೆಂದು ಗುರುವಾರ ಮೂವತ್ತೆಂಟು ಕಿಲೋಮೀಟರ್ ಹೋಗುತ್ತಾನೆ. ಕೊನೆಯ ಬಸ್ಸು ತಪ್ಪಬಾರದೆಂದು ಅರ್ಧಕ್ಕೇ ಎದ್ದು ಬರುತ್ತಾನೆ. ಅದೇ ಹೊತ್ತಿಗೆ ನಮ್ಮೂರ ಮಠದ ಹಿಂಬದಿಯ ಕೋಣೆಗೆ ಬೀಗ ಹಾಕಿರುತ್ತದೆ.

ಆ ಬೀಗವೊಂದನ್ನು ತೆಗೆಯಿರಿ.