ಡ್ರಾ ಎಂದ ಮಾತ್ರಕ್ಕೆ ಸಪ್ಪೆಯೇ?

2024ರ ಡಿಸೆಂಬರಿನಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದ ಮೇಲೆ ಕನ್ನಡದಲ್ಲೂ ಚೆಸ್ ಬಗ್ಗೆ ಮಾತು ಹೆಚ್ಚಾಗಿದೆ. ಸಂತೋಷ. ಆದರೆ ಹಳೆಯ ಚಾಂಪಿಯನ್ನರ ಪಟ್ಟಿ ಓದುತ್ತಾ ಬಂದವರು ಒಂದು ಹೆಸರಿನ ಹತ್ತಿರ ಆಕಳಿಸುತ್ತಾರೆ. ಮಿಖಾಯಿಲ್ ತಾಲ್ ಎಂದರೆ ಮಾಂತ್ರಿಕ, ಬಾಬಿ ಫಿಶರ್ ಎಂದರೆ ಹುಚ್ಚು ಪ್ರತಿಭೆ. ಇವರಿಬ್ಬರ ನಡುವೆ ಎಲ್ಲೋ ಬಂದು ಹೋಗುವ ಟಿಗ್ರಾನ್ ಪೆಟ್ರೋಸಿಯನ್ ಎಂದರೆ ಡ್ರಾ ಮಾಡಿಕೊಂಡು ಹೊಟ್ಟೆ ಹೊರೆದವನು, ಸೋಲದಿದ್ದರೆ ಸಾಕು ಎಂದು ಆಡಿದವನು. ಈ ತೀರ್ಪು ಕೊಡುವವರಲ್ಲಿ ಹೆಚ್ಚಿನವರು ಆತನ ಹತ್ತು ಆಟಗಳನ್ನಾದರೂ ಕೂತು ನೋಡಿದವರಲ್ಲ ಎಂಬುದು ನನ್ನ ಗುಮಾನಿ. ನೋಡಿದ್ದರೆ ಬೇರೆ ಯಾವುದಾದರೂ ಬೈಗುಳ ಹುಡುಕುತ್ತಿದ್ದರು. ಸಪ್ಪೆ ಎಂದಂತೂ ಅನ್ನುತ್ತಿರಲಿಲ್ಲ.

ಎದುರು ಪಕ್ಷದ ಕೈಯಲ್ಲಿರುವ ಗಟ್ಟಿ ಸಾಕ್ಷಿಯನ್ನು ಮೊದಲೇ ಒಪ್ಪಿಬಿಡೋಣ. 1962ರಲ್ಲಿ ಕೆರಿಬಿಯನ್ನಿನ ಕುರಾಸಾವ್ ದ್ವೀಪದಲ್ಲಿ ನಡೆದ ಕ್ಯಾಂಡಿಡೇಟ್ಸ್ ಟೂರ್ನಿಯಲ್ಲಿ ಪೆಟ್ರೋಸಿಯನ್ 27 ಆಟ ಆಡಿದ. ಎಂಟು ಗೆಲುವು, ಹತ್ತೊಂಬತ್ತು ಡ್ರಾ, ಒಂದೂ ಸೋಲಿಲ್ಲ. ಆತ, ಪಾಲ್ ಕೆರೆಸ್ ಮತ್ತು ಎಫಿಮ್ ಗೆಲ್ಲರ್, ಈ ಮೂವರು ಸೋವಿಯತ್ ಆಟಗಾರರು ತಮ್ಮೊಳಗೆ ಆಡಿದ ಹನ್ನೆರಡು ಆಟಗಳೂ ಡ್ರಾ. ಹೆಚ್ಚಿನವು ಕುರ್ಚಿ ಬಿಸಿಯಾಗುವ ಮೊದಲೇ ಮುಗಿದಂಥವು. ಫಿಶರ್ ಸಿಟ್ಟಿಗೆದ್ದು ಅಮೆರಿಕದ ಪತ್ರಿಕೆಯಲ್ಲಿ ಬರೆದ, ಫಿಡೆ ಟೂರ್ನಿಯ ಸ್ವರೂಪವನ್ನೇ ಬದಲಿಸಿತು. ಆ ಹನ್ನೆರಡು ಆಟಗಳನ್ನು ನಾನು ಸಮರ್ಥಿಸುವುದಿಲ್ಲ. ಅವು ಆಟಗಳೇ ಅಲ್ಲ. ಆದರೆ ಅಲ್ಲಿ ಕೈಕುಲುಕಿದವರು ಮೂವರು. ಕೆರೆಸ್‌ನನ್ನಾಗಲಿ ಗೆಲ್ಲರ್‌ನನ್ನಾಗಲಿ ಯಾರೂ ಸಪ್ಪೆ ಅನ್ನುವುದಿಲ್ಲವಲ್ಲ, ಅದೇಕೆ?

ಈಗ ಇನ್ನೊಂದು ಡ್ರಾ ನೋಡೋಣ. 1953, ಜ್ಯೂರಿಕ್ ಕ್ಯಾಂಡಿಡೇಟ್ಸ್. ಎದುರಿಗೆ ಅಮೆರಿಕದ ಸ್ಯಾಮ್ಯುಯೆಲ್ ರೆಶೆವ್‌ಸ್ಕಿ, ಬಿಳಿ ಕಾಯಿ. ಬೋರ್ಡಿನ ನಡುವೆ ಬಿಳಿಯ ಎರಡು ಕಾಲಾಳುಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿವೆ. ಅವು ಇನ್ನಷ್ಟು ಮುಂದೆ ಬಂದರೆ ಕಪ್ಪು ಪಾಳೆಯ ದಿಕ್ಕಾಪಾಲು. ಪೆಟ್ರೋಸಿಯನ್‌ಗೆ ಬೇಕಾದದ್ದು ಒಂದೇ: ತನ್ನ ಕುದುರೆಯನ್ನು ಡಿ5 ಮನೆಗೆ ತಂದು ಆ ಕಾಲಾಳುಗಳ ದಾರಿಗೆ ಅಡ್ಡ ಕೂರಿಸುವುದು. ಅಲ್ಲಿಗೆ ಹೋಗಲು ಇ7 ಮನೆ ಖಾಲಿಯಾಗಬೇಕು, ಆದರೆ ಅಲ್ಲಿ ತನ್ನದೇ ಆನೆ ನಿಂತಿದೆ. 25ನೇ ನಡೆಯಲ್ಲಿ ಆತ ಆ ಆನೆಯನ್ನು ಒಂದೇ ಒಂದು ಮನೆ ಮುಂದಕ್ಕೆ, ಇ6ಕ್ಕೆ ಸರಿಸಿದ. ಅದು ಬಿಳಿಯ ಒಂಟೆಯ ಬಾಯಿಗೆ ನೇರವಾಗಿ ಸಿಗುವ ಜಾಗ. ಆನೆಗೆ ಐದು ಅಂಕ, ಒಂಟೆಗೆ ಮೂರು. ಶಾಲೆಯ ಮಕ್ಕಳಿಗೂ ಗೊತ್ತಿರುವ ಲೆಕ್ಕ. ದಾಳಿ ಇಲ್ಲ, ಶಹ ಇಲ್ಲ, ಕೊಟ್ಟದ್ದು ಕೂಡಲೇ ವಾಪಸ್ ಬರುವ ಭರವಸೆಯೂ ಇಲ್ಲ. ಒಂದು ಕುದುರೆ ಒಳ್ಳೆಯ ಜಾಗದಲ್ಲಿ ಕೂರಲಿ ಎಂದು ಆನೆಯನ್ನೇ ಕೊಡುವುದು! ರೆಶೆವ್‌ಸ್ಕಿಯ ಒಂಟೆ ಆನೆಯನ್ನು ತಿಂದಿತು, ಕುದುರೆ ಡಿ5ಕ್ಕೆ ಬಂತು, ಬಿಳಿಯ ಭಾರೀ ಸೈನ್ಯಕ್ಕೆ ಮುಂದೆ ದಾರಿಯೇ ಕಾಣಲಿಲ್ಲ. ಆಟ ಡ್ರಾ ಆಯಿತು. ಅಂಕಪಟ್ಟಿಯಲ್ಲಿ ಅರ್ಧ ಅಂಕ, ಕುರಾಸಾವ್‌ನ ಕೈಕುಲುಕಾಟಕ್ಕೆ ಸಿಕ್ಕಷ್ಟೇ.

ತಾಲ್ ರಾಜನ ಮೇಲೆ ಏರಿ ಹೋಗುವಾಗ ಕಾಯಿ ಬಲಿ ಕೊಟ್ಟರೆ ಅದು ಕಾವ್ಯ. ಪೆಟ್ರೋಸಿಯನ್ ಬೋರ್ಡಿನ ಮೌನದ ಮೂಲೆಯಲ್ಲಿ ಆನೆ ಕೊಟ್ಟರೆ ಅದು ಜಿಗುಟುತನ. ಇದು ಚೆಸ್ ತೀರ್ಪಲ್ಲ, ನಮ್ಮ ನೋಟದ ಸೋಮಾರಿತನ. ಈಗಂತೂ ಯೂಟ್ಯೂಬಿನಲ್ಲಿ ಬೋರ್ಡಿನ ಪಕ್ಕಕ್ಕೆ ಕಪ್ಪು-ಬಿಳಿ ಪಟ್ಟಿಯೊಂದು ಇರುತ್ತದೆ. ಕಂಪ್ಯೂಟರ್ ಲೆಕ್ಕ ಹಾಕಿದಂತೆ ಅದು ಏರಿಳಿಯುತ್ತದೆ. ನಾವು ಬೋರ್ಡ್ ಬಿಟ್ಟು ಪಟ್ಟಿ ನೋಡುತ್ತೇವೆ. ಪಟ್ಟಿ ಕುಣಿದರೆ ಒಳ್ಳೆಯ ಆಟ, ಕುಣಿಯದಿದ್ದರೆ ನಿದ್ದೆ. ಎದುರಾಳಿ ಇನ್ನು ನಾಲ್ಕು ನಡೆಗಳಲ್ಲಿ ಏನು ಮಾಡಬಯಸುತ್ತಾನೆಂದು ಅವನಿಗಿಂತ ಮೊದಲೇ ಗ್ರಹಿಸಿ, ಆ ಆಸೆ ಹುಟ್ಟುವ ಮೊದಲೇ ಬಾಗಿಲು ಹಾಕುವವನ ಆಟದಲ್ಲಿ ಪಟ್ಟಿ ಕುಣಿಯುವುದಾದರೂ ಹೇಗೆ? ಆಗದೇ ಹೋದ ದಾಳಿಗೆ ಸ್ಕೋರ್‌ಶೀಟಿನಲ್ಲಿ ಸಾಲಿಲ್ಲ. ಸಾಹಿತ್ಯದ ವಿದ್ಯಾರ್ಥಿಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕತೆಗಾರ ಬರೆಯದೆ ಬಿಟ್ಟದ್ದನ್ನು ಓದಲು ನಾಲ್ಕು ವರ್ಷ ಕಲಿಯುವ ನಾವು ಚೆಸ್ ಮುಂದೆ ಕೂತಾಗ ಮಾತ್ರ ಪಟಾಕಿ ಕೇಳುತ್ತೇವೆ.

ಪಟಾಕಿಯೇ ಬೇಕೆಂದರೆ ಅದೂ ಇದೆ. 1963ರಲ್ಲಿ ಬೋಟ್ವಿನಿಕ್‌ನನ್ನು 12.5–9.5ರಿಂದ ಸೋಲಿಸಿ ಕಿರೀಟ ಪಡೆದ ಪೆಟ್ರೋಸಿಯನ್ 1966ರಲ್ಲಿ ಬೋರಿಸ್ ಸ್ಪಾಸ್ಕಿಯ ಎದುರು ಅದನ್ನು ಉಳಿಸಿಕೊಂಡ. 1934ರಲ್ಲಿ ಅಲೆಖಿನ್ ಗೆದ್ದ ಮೇಲೆ ಹಾಲಿ ಚಾಂಪಿಯನ್ ಒಬ್ಬ ಪಂದ್ಯ ಗೆದ್ದು ಕಿರೀಟ ಉಳಿಸಿಕೊಂಡದ್ದು ಅದೇ ಮೊದಲು. ಅದರ ಹತ್ತನೇ ಆಟದಲ್ಲಿ ಆತ ಎರಡೂ ಆನೆಗಳನ್ನು ಸಣ್ಣ ಕಾಯಿಗಳಿಗೆ ಕೊಟ್ಟು, ಕೊನೆಗೆ ರಾಣಿಯನ್ನು ಸ್ಪಾಸ್ಕಿಯ ರಾಜನ ಪಕ್ಕದ ಎಚ್8 ಮನೆಗೇ ಇಟ್ಟ. ರಾಜ ರಾಣಿಯನ್ನು ತಿಂದರೆ ಕುದುರೆ ಎಫ್7ರಲ್ಲಿ ಆನೆಯನ್ನು ತಿಂದು ರಾಜ-ರಾಣಿ ಇಬ್ಬರನ್ನೂ ಒಟ್ಟಿಗೆ ಹಿಡಿಯುತ್ತದೆ. ಸ್ಪಾಸ್ಕಿ ಅಲ್ಲೇ ಸೋಲೊಪ್ಪಿದ.

ಆತನ ಅಭಿಮಾನಿಗಳ ಮೇಲೂ ನನಗೆ ಸಿಟ್ಟಿದೆ. ಅವರು ಹೇಳುವ ಕತೆ ಹೀಗೆ: 1929ರಲ್ಲಿ ತ್ಬಿಲಿಸಿಯ ಅರ್ಮೇನಿಯನ್ ಮನೆಯಲ್ಲಿ ಹುಟ್ಟಿದ ಹುಡುಗ, ಯುದ್ಧದ ಕಾಲದಲ್ಲಿ ತಂದೆ-ತಾಯಿಯನ್ನು ಕಳೆದುಕೊಂಡ, ಹೊಟ್ಟೆಪಾಡಿಗೆ ಬೀದಿ ಗುಡಿಸಿದ, ಕಿವಿ ಮಂದವಾಯಿತು, ಅದಕ್ಕೇ ಬೋರ್ಡಿನ ಮೇಲೂ ಸುರಕ್ಷತೆ ಹುಡುಕಿದ. ಕೇಳಲು ಮನ ಕರಗುತ್ತದೆ. ಆದರೆ ಇದು ಆಟ ನೋಡದೆ ಆಟಗಾರನನ್ನು ವಿವರಿಸುವ ಸುಲಭೋಪಾಯ. ಕವಿಯ ಬಡತನ ಹೇಳಿ ಕವಿತೆ ಮುಗಿಸುವ ನಮ್ಮ ಮುನ್ನುಡಿಗಳ ಹಾಗೆ. ಸ್ಪಾಸ್ಕಿಯನ್ನೂ ಯುದ್ಧಕಾಲದಲ್ಲಿ ಲೆನಿನ್‌ಗ್ರಾಡಿನಿಂದ ಸಾಗಿಸಿ ಅನಾಥಾಲಯದಲ್ಲಿ ಇಟ್ಟಿದ್ದರು. ಅವನು ದಾಳಿಗೂ ಹೆಸರಾದ. ಆ ಒಂದೇ ಯುದ್ಧ ಒಬ್ಬನಿಗೆ ಕೋಟೆಯನ್ನೂ ಇನ್ನೊಬ್ಬನಿಗೆ ಕತ್ತಿಯನ್ನೂ ಕೊಟ್ಟಿತೆಂದರೆ ಆ ಕಾರಣದಿಂದ ವಿವರಿಸಿದ್ದು ಏನು? ಪೆಟ್ರೋಸಿಯನ್ ತನ್ನ ಶೈಲಿಯನ್ನು ನಿಮ್ಜೊವಿಚ್‌ನ ಪುಸ್ತಕದಿಂದ ಕಲಿತ, ಯೋಚಿಸಿ ಕಟ್ಟಿಕೊಂಡ. 1968ರಲ್ಲಿ, ಚಾಂಪಿಯನ್ ಆಗಿರುವಾಗಲೇ, ಚೆಸ್ ಚಿಂತನೆಯ ತರ್ಕವನ್ನು ಕುರಿತು ಯೆರೆವಾನ್ ವಿಶ್ವವಿದ್ಯಾಲಯಕ್ಕೆ ಪ್ರಬಂಧ ಸಲ್ಲಿಸಿದ. ಭಯಕ್ಕೆ ಇಷ್ಟು ಓದು ಬೇಕಾಗುವುದಿಲ್ಲ.

ದೂರಲೇಬೇಕೆಂದರೆ 1971ರ ಬ್ಯೂನಸ್ ಐರಿಸ್ ಹಿಡಿದು ದೂರಿ. ಫಿಶರ್ ಎದುರು ಎರಡನೇ ಆಟ ಗೆದ್ದು ಅವನ ಸತತ ಗೆಲುವಿನ ಓಟಕ್ಕೆ ತಡೆ ಹಾಕಿದ್ದು ಪೆಟ್ರೋಸಿಯನ್. ಆಮೇಲೆ ಮೂರು ಡ್ರಾ, ಅದಾದ ಮೇಲೆ ಸಾಲಾಗಿ ನಾಲ್ಕು ಸೋಲು. ತಾನಾಗಿ ಪಂದ್ಯವನ್ನು ಎಳೆದುಕೊಂಡು ಹೋಗಬೇಕಾದ ಘಳಿಗೆಯಲ್ಲಿ ಆತ ಕಾದು ಕೂತ, ಫಿಶರ್ ಕಾಯುವವನಾಗಿರಲಿಲ್ಲ. ಒಲಿಂಪಿಯಾಡುಗಳಲ್ಲಿ 1958ರಿಂದ 1978ರವರೆಗೆ ಹತ್ತು ಸಲ ಆಡಿ ಒಂದೇ ಒಂದು ಆಟ ಸೋತವನಿಗೆ (ಅದೂ ಗಡಿಯಾರದ ಸಮಯ ಮುಗಿದು) ಇದು ದೊಡ್ಡ ಪೆಟ್ಟು. ಇಲ್ಲಿ ವಾದ ಮಾಡಲು ಜಾಗವಿದೆ, ಬನ್ನಿ ಮಾಡೋಣ.

ಅದಕ್ಕೆ ಮೊದಲು ಒಂದು ಆಟ ಮಾತ್ರ ನೋಡಿ ಬನ್ನಿ. 1960, ಹ್ಯಾಂಬರ್ಗ್, ಪಶ್ಚಿಮ ಜರ್ಮನಿಯ ವೋಲ್ಫ್‌ಗಾಂಗ್ ಉಂಟ್ಸಿಕರ್ ವಿರುದ್ಧ. ಬಿಳಿ ಕಾಯಿಯ ಪೆಟ್ರೋಸಿಯನ್ ರಾಜನ ಕಡೆಯ ಕಾಲಾಳುಗಳನ್ನು ನುಗ್ಗಿಸಬೇಕೆಂದಿದ್ದಾನೆ. ನುಗ್ಗಿಸಿದರೆ ತನ್ನ ರಾಜನೇ ಬಯಲಾಗುತ್ತಾನೆ. ಹಾಗಾಗಿ ಮೊದಲು ರಾಜನನ್ನು ಜಿ1ರಿಂದ ಎಫ್1, ಇ1, ಡಿ1, ಸಿ1, ಬಿ1 ಎಂದು ನಡೆಸಿಕೊಂಡು ಬೋರ್ಡಿನ ಆ ತುದಿಗೆ ಮನೆ ಬದಲಾಯಿಸುತ್ತಾನೆ. ರಾಜ ಹೀಗೆ ಪೇಟೆ ಸುತ್ತಿದಂತೆ ಹೋಗುತ್ತಿದ್ದರೆ ಉಂಟ್ಸಿಕರ್ ಏನು ಮಾಡುತ್ತಿದ್ದ? ತನ್ನ ರಾಜನನ್ನು ಜಿ8ರಿಂದ ಎಚ್7ಕ್ಕೆ, ಎಚ್7ರಿಂದ ಜಿ8ಕ್ಕೆ ಸರಿಸುತ್ತಿದ್ದ. ಪಕ್ಕದ ಪಟ್ಟಿಯನ್ನು ಆರಿಸಿಡಿ. ಬಿಳಿ ರಾಜ ಇ1ಕ್ಕೆ ಬಂದಾಗ ಆಟ ನಿಲ್ಲಿಸಿ, ಕಪ್ಪಿನ ಕಡೆ ಕೂತು ಒಂದು ಒಳ್ಳೆಯ ನಡೆ ಹುಡುಕಿ.