ಗುಂಡನ ಕಿವಿರಿನ ಮೇಲಿನ ಬಿಳಿ ಹತ್ತಿ

1/7
ಹೋದ ವರ್ಷ ನಾನು ಹಾಕಿದ ರೀಲ್ ನೆನಪಿದ್ಯಾ? ಗುಲಾಬಿ ಬಣ್ಣದ ಆಕ್ಸೊಲಾಟಲ್, ತಲೆಯ ಎರಡೂ ಕಡೆ ಗರಿ ಥರ ಕಿವಿರು, ಯಾವಾಗ್ಲೂ ನಗ್ತಿರೋ ಹಾಗೆ ಬಾಯಿ. ನಮ್ಮ ಗುಂಡ. "ಅಯ್ಯೋ ಕ್ಯೂಟ್, ಎಲ್ಲಿ ಸಿಗುತ್ತೆ?" ಅಂತ ಎಷ್ಟೋ ಜನ ಮೆಸೇಜ್ ಮಾಡಿದ್ರಿ. ನಾನೂ ಜಂಬದಿಂದ ಅಂಗಡಿ ಲೊಕೇಶನ್ ಕಳಿಸಿದೆ. ನಮ್ಮ ಕ್ಲಾಸಲ್ಲೇ ಇಬ್ಬರು ತಗೊಂಡ್ರು. ಅದ್ರಲ್ಲಿ ಒಂದು ಈ ಏಪ್ರಿಲ್‌ನಲ್ಲಿ ಸತ್ತುಹೋಯ್ತು.
"ಫಂಗಸ್ ಬಂತು ಗುರು, ಏನ್ ಮಾಡೋಕಾಗುತ್ತೆ" ಅಂದ.
ಆ ಒಂದು ಮಾತಿಗೇ ಈ ಏಳು ಪೋಸ್ಟ್. ಫಂಗಸ್ ತಾನಾಗೇ ಬರಲಿಲ್ಲ. ನಾವೇ ಬರಿಸಿದ್ವಿ.

2/7
ಮೊದಲು ಅದೇನು ಅಂತ ನೋಡೋಣ. ಕಿವಿರಿನ ಮೇಲೆ, ಗಾಯದ ಮೇಲೆ ಹತ್ತಿ ಅಂಟಿಸಿದ ಹಾಗೆ ಬೆಳೆಯೋದು ಹೆಚ್ಚಾಗಿ ಸ್ಯಾಪ್ರೋಲೆಗ್ನಿಯಾ. ಎಲ್ಲರೂ ಫಂಗಸ್ ಅಂತಾರೆ, ಆದ್ರೆ ಅದು ನಿಜವಾದ ಫಂಗಸ್ ಕೂಡ ಅಲ್ಲ, ವಾಟರ್ ಮೋಲ್ಡ್. ಅದರ ಬೀಜಕಣ ಸಾಮಾನ್ಯವಾಗಿ ಎಲ್ಲ ನೀರಲ್ಲೂ ಇರುತ್ತೆ. ಸತ್ತ ಚರ್ಮ, ತಿಂದು ಬಿಟ್ಟ ಆಹಾರದ ಮೇಲೆ ಬದುಕುತ್ತೆ. ಗಟ್ಟಿಯಾಗಿರೋ ಪ್ರಾಣಿಗೆ ಅದು ಸುಲಭಕ್ಕೆ ಅಂಟಲ್ಲ. ಪ್ರಾಣಿ ಸೋತಾಗ ಹತ್ಕೊಳ್ಳುತ್ತೆ.
ಸೋಲಿಸೋದು ಯಾವುದು? ಮುಖ್ಯವಾಗಿ ಎರಡು. ಬಿಸಿ ನೀರು, ಕೊಳಕು ನೀರು. ಆಕ್ಸೊಲಾಟಲ್‌ಗೆ ಬೇಕಿರೋದು 16ರಿಂದ 18 ಡಿಗ್ರಿ. ನೀರಲ್ಲಿ ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ನಮ್ಮ ದಾವಣಗೆರೆ ಏಪ್ರಿಲ್ ಹೇಗಿರುತ್ತೆ ಅಂತ ನಾನು ಹೇಳ್ಬೇಕಾ? ನನ್ನ ಟ್ಯಾಂಕ್‌ನ ಥರ್ಮಾಮೀಟರ್ ಅವತ್ತು 29 ತೋರಿಸ್ತಿತ್ತು.

3/7
ಈಗ ನನ್ನ ತಪ್ಪು ಕೇಳಿ. ಗುಂಡನ ಎಡಗಡೆ ಕಿವಿರಲ್ಲಿ ಬಿಳಿ ಎಳೆ ಕಂಡ ತಕ್ಷಣ ಅಂಗಡಿಗೆ ಓಡಿದೆ. ಒಂದು ನೀಲಿ ಬಾಟ್ಲಿ ಕೊಟ್ರು. "ಟ್ಯಾಂಕ್‌ಗೆ ಹತ್ತು ಹನಿ, ಎರಡು ದಿನದಲ್ಲಿ ಕ್ಲಿಯರ್." ಹಾಕಿದೆ. ನೀರು ಬ್ಲೂ ಇಂಕ್ ಆಯ್ತು. ಟೆಂಪರೇಚರ್ ಎಷ್ಟು ಅಂತ ಅವರು ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.
ಆಮೇಲೆ ಗೊತ್ತಾಯ್ತು. ಫಿಲ್ಟರ್ ಒಳಗೆ ಒಳ್ಳೆ ಬ್ಯಾಕ್ಟೀರಿಯಾ ಇರ್ತಾವೆ. ಗಲೀಜಿನಿಂದ ಬರೋ ಅಮೋನಿಯಾನ ನೈಟ್ರೈಟ್ ಮಾಡಿ, ಅದನ್ನ ನೈಟ್ರೇಟ್ ಮಾಡೋದು ಅವೇ. ಅವು ನೆಲೆ ನಿಲ್ಲೋಕೆ ಒಂದೆರಡು ತಿಂಗಳು ಬೇಕು. ಮೆಥಿಲೀನ್ ಬ್ಲೂ ಅವನ್ನೂ ಕೊಲ್ಲುತ್ತೆ. ಅಂದ್ರೆ ಔಷಧಿ ಅಂತ ನಾನು ಹಾಕಿದ್ದು ಟ್ಯಾಂಕ್‌ನ ಕ್ಲೀನಿಂಗ್ ಸ್ಟಾಫನ್ನೇ ತೆಗೆದುಹಾಕ್ತು. ಮೂರನೇ ದಿನ ಅಮೋನಿಯಾ ಟೆಸ್ಟ್ ಟ್ಯೂಬ್ ಹಸಿರಾಯ್ತು. ಗುಂಡ ಊಟ ಬಿಟ್ಟ. ಕಿವಿರು ಮುಂದಕ್ಕೆ ಬಾಗಿತು. ಅದು ಸ್ಟ್ರೆಸ್ ಲಕ್ಷಣ. ಮುಖ ಮಾತ್ರ ನಗ್ತಾನೇ ಇತ್ತು. ಅದೇ ನಮಗೆ ಮೋಸ ಮಾಡೋದು. ಅದರ ಬಾಯಿ ಇರೋದೇ ಹಾಗೆ, ಸಾಯ್ತಿದ್ರೂ ನಕ್ಕ ಹಾಗೇ ಕಾಣುತ್ತೆ.

4/7
ಆಮೇಲೆ ಏನು ಮಾಡಿದೆ (ಸೇವ್ ಮಾಡ್ಕೊಳ್ಳಿ):
▪️ ಟ್ಯಾಂಕ್‌ನಿಂದ ತೆಗೆದು ಬೇರೆ ಟಬ್‌ಗೆ ಹಾಕಿದೆ. ಕ್ಲೋರಿನ್ ತೆಗೆದ ತಣ್ಣನೆ ನೀರು, ದಿನಾ ಪೂರ್ತಿ ಬದಲು.
▪️ ನೀರನ್ನ ನಿಧಾನಕ್ಕೆ ತಣ್ಣಗೆ ಮಾಡ್ತಾ ಟಬ್ ಫ್ರಿಜ್ ಒಳಗೆ ಇಟ್ಟೆ. ಅಮ್ಮ ಮೊಸರಿನ ಪಾತ್ರೆ ಪಕ್ಕ ಅದನ್ನ ನೋಡಿ ಒಂದು ದಿನ ಪೂರ್ತಿ ನನ್ನ ಜೊತೆ ಮಾತಾಡ್ಲಿಲ್ಲ. ಇದು ಕೆಲವು ದಿನದ ಚಿಕಿತ್ಸೆ ಅಷ್ಟೇ, ಅಲ್ಲೇ ಸಾಕೋ ಜಾಗ ಅಲ್ಲ.
▪️ ಉಪ್ಪುನೀರಿನ ಸ್ನಾನ: ಬೇರೆ ಡಬ್ಬದಲ್ಲಿ, ಲೀಟರ್‌ಗೆ 2 ಟೀ ಸ್ಪೂನ್ ಅಯೋಡಿನ್ ಇಲ್ಲದ ಉಪ್ಪು, 10 ನಿಮಿಷ. ಜಾಸ್ತಿ ಹೊತ್ತು ಬಿಟ್ರೆ ಚರ್ಮ, ಕಿವಿರು ಸುಡುತ್ತೆ. ಟ್ಯಾಂಕ್‌ಗೆ ಉಪ್ಪು ಸುರೀಬೇಡಿ.
▪️ ಮೀನಿನ ಔಷಧಿ ಎಲ್ಲ ಇದಕ್ಕೆ ಆಗಲ್ಲ. ಇದು ಉಭಯಚರ, ಕಪ್ಪೆ ಥರ ಚರ್ಮದಿಂದಲೇ ಎಲ್ಲ ಹೀರುತ್ತೆ. ತಾಮ್ರ, ಮ್ಯಾಲಕೈಟ್ ಗ್ರೀನ್ ಇರೋದನ್ನ ಮುಟ್ಟಬೇಡಿ.
▪️ ಹರಡ್ತಾ ಹೋದ್ರೆ ಇಂಥ ಪ್ರಾಣಿ ನೋಡೋ ಪಶುವೈದ್ಯರ ಹತ್ತಿರ ಹೋಗಿ. ಕಾಮೆಂಟ್ ಬಾಕ್ಸ್‌ಗೆ ಅಲ್ಲ.
ಒಂಬತ್ತನೇ ದಿನ ಹತ್ತಿ ಉದುರಿತು. ಎಡಗಡೆ ಕಿವಿರು ಮೋಟಾಗಿತ್ತು, ಈಗ ನಿಧಾನಕ್ಕೆ ಮತ್ತೆ ಬೆಳೀತಿದೆ. ಕಾಲು ಹೋದ್ರೂ ಬೆಳೆಸ್ಕೊಳ್ಳೋ ಪ್ರಾಣಿ ಅದು. ಹಾಗಂತ ಎಷ್ಟು ಸಲ ಬೇಕಾದ್ರೂ ಕಿತ್ಕೊಳ್ಳಬಹುದು ಅಂತ ಅಲ್ಲ.

5/7
ನೀವು ಏನು ಹೇಳ್ತೀರ ಅಂತ ಗೊತ್ತು.
"ಫ್ಯಾನ್ ಹಾಕಿದ್ರೆ ಸಾಕು." ಫ್ಯಾನ್ ಎರಡು ಮೂರು ಡಿಗ್ರಿ ಇಳಿಸಬಹುದು. 29ರಿಂದ 26. ಬೇಕಿರೋದು 18.
"ಐಸ್ ಹಾಕು." ಹಾಕಿ ಕಾಲೇಜಿಗೆ ಬರ್ತೀರ, ಮಧ್ಯಾಹ್ನ ಮತ್ತೆ 28. ಏರೋದು ಇಳಿಯೋದು ದಿನಾ ನಡೆದ್ರೆ ಅದೂ ಹಿಂಸೆನೇ.
"ಮನುಷ್ಯರಿಗೇ ಎಸಿ ಇಲ್ಲ, ಇದಕ್ಕೆ ಚಿಲ್ಲರ್ ಬೇಕಾ?" ಇದು ಸರಿಯಾದ ಪ್ರಶ್ನೆ. ನನ್ನ ಉತ್ತರ: ಅದಕ್ಕೇ ತರಬೇಡಿ. ಅದೇನು ನಮ್ಮನೆಗೆ ಬರ್ತೀನಿ ಅಂತ ಅರ್ಜಿ ಹಾಕಿತ್ತಾ?
ಬಿಕಾಂ ಓದ್ತಿದ್ದೀವಿ ಅಲ್ವಾ, ಲೆಕ್ಕ ಹಾಕೋಣ. ನಾನು ಗುಂಡನಿಗೆ ಕೊಟ್ಟಿದ್ದು ₹2,500. ಚಿಲ್ಲರ್ ವಿಚಾರಿಸಿದ ಕಡೆ ಎಲ್ಲ ₹20,000 ಮೇಲೆ ಹೇಳಿದ್ರು. ಕರೆಂಟ್ ಬಿಲ್ ಬೇರೆ, ಟೆಸ್ಟ್ ಕಿಟ್ ಬೇರೆ, 10 ವರ್ಷಕ್ಕೂ ಹೆಚ್ಚು ಬದುಕೋ ಪ್ರಾಣಿ ಬೇರೆ. ಅಂಗಡಿ ನಮಗೆ ತೋರಿಸೋದು ಮೊದಲನೇ ಎಂಟ್ರಿ ಮಾತ್ರ. ಉಳಿದಿದ್ದನ್ನ ಪ್ರಾಣಿ ತನ್ನ ಮೈಮೇಲೆ ಕಟ್ಟುತ್ತೆ, ಬಿಳಿ ಹತ್ತಿ ರೂಪದಲ್ಲಿ.

6/7
ಇದರ ಊರು ಎಲ್ಲಿ ಗೊತ್ತಾ? ಮೆಕ್ಸಿಕೊ ಸಿಟಿಯ ಸೋಚಿಮಿಲ್ಕೊ ಕಾಲುವೆಗಳು. ಎತ್ತರ ಸುಮಾರು 2,240 ಮೀಟರ್. ನಮ್ಮ ಮುಳ್ಳಯ್ಯನಗಿರಿ ತುದಿ 1,930. ಅಂದ್ರೆ ಕರ್ನಾಟಕದ ಅತಿ ಎತ್ತರದ ಜಾಗಕ್ಕಿಂತ ಮೇಲಿನ ತಂಪು ನೀರಿನ ಜೀವಿಯನ್ನ ತಂದು ನಾವು ಶೀಟ್ ಮನೆ ರೂಮಲ್ಲಿ ಇಡ್ತಿದ್ದೀವಿ.
ಅಲ್ಲೂ ಅದರ ಕಥೆ ಮುಗೀತಾ ಬಂದಿದೆ. 1998ರಲ್ಲಿ ಚದರ ಕಿಲೋಮೀಟರ್‌ಗೆ ಸುಮಾರು 6,000 ಇದ್ದಿದ್ದು 2014ರ ಸಮೀಕ್ಷೆಗೆ 36. ಮೆಕ್ಸಿಕೊದೋರು 2021ರಲ್ಲಿ ಅದನ್ನ 50 ಪೆಸೊ ನೋಟ್ ಮೇಲೆ ಹಾಕಿದ್ರು. ಅದೇ ವರ್ಷ ಮೈನ್‌ಕ್ರಾಫ್ಟ್‌ಗೂ ಬಂತು, ನಮಗೆಲ್ಲ ಆಸೆ ಹುಟ್ಟಿದ್ದು ಅಲ್ಲಿಂದಲೇ. ಇದು ಸೈಟಿಸ್ ಎರಡನೇ ಪಟ್ಟಿಯಲ್ಲಿರೋ ಪ್ರಾಣಿ. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಪ್ರಕಾರ ಇಂಥವನ್ನ ಸಾಕೋರು ಸರ್ಕಾರದಲ್ಲಿ ನೋಂದಣಿ ಮಾಡಿಸ್ಬೇಕು. ಅಂಗಡಿಯಲ್ಲಿ ನನಗೆ ಯಾರೂ ಇದನ್ನ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ.

7/7
ಹಳೇ ರೀಲ್ ಡಿಲೀಟ್ ಮಾಡಿದ್ದೀನಿ. 40 ಸಾವಿರ ವ್ಯೂಸ್ ಹೋಯ್ತು, ಹೋಗ್ಲಿ.
ಗುಂಡ ಈಗ ನೆಲಮಹಡಿಯ ಕತ್ತಲೆ ರೂಮಲ್ಲಿದ್ದಾನೆ, ಸೆಕೆಂಡ್ ಹ್ಯಾಂಡ್ ಚಿಲ್ಲರ್ ಜೊತೆ. ಆ ದುಡ್ಡು ನನ್ನ ಹೊಸ ಫೋನಿಂದು. ಇದನ್ನ ತ್ಯಾಗ ಅಂತ ಹೇಳ್ಕೊಳ್ಳೋಕೆ ನಾಚಿಕೆ ಆಗುತ್ತೆ. ಬಾಕಿ ತೀರಿಸಿದ್ದು, ಅಷ್ಟೇ.
ಈಗಾಗ್ಲೇ ಸಾಕಿದ್ದೀರಾ? ಇವತ್ತೇ ಥರ್ಮಾಮೀಟರ್ ಇಡಿ, ಅಮೋನಿಯಾ ಟೆಸ್ಟ್ ಮಾಡಿ. ಆಗ್ತಿಲ್ಲ ಅನಿಸಿದ್ರೆ ಸಾಕೋಕೆ ಆಗೋರಿಗೆ ಕೊಡಿ, ಕುಂದುವಾಡ ಕೆರೆಗೆ ಮಾತ್ರ ಬಿಡಬೇಡಿ. ತಗೋಬೇಕು ಅಂತಿದ್ದೀರಾ? ಏಪ್ರಿಲ್ ಮಧ್ಯಾಹ್ನ ಮೂರು ಗಂಟೆಗೆ ನಿಮ್ಮ ರೂಮಲ್ಲಿ ಒಂದು ಬಕೆಟ್ ನೀರಿಟ್ಟು ಡಿಗ್ರಿ ನೋಡಿ. ಆಮೇಲೆ ಮಾತಾಡೋಣ.
ಮತ್ತೆ, ಲೊಕೇಶನ್ ಕೇಳಬೇಡಿ. ಇನ್ಮೇಲೆ ಕಳಿಸಲ್ಲ.

#ಆಕ್ಸೊಲಾಟಲ್ #ಗುಂಡ #ದಾವಣಗೆರೆ #ಮೊದಲುನೀರುನೋಡಿ