ಹೊಗೆಗೆ ಬೇಲಿಯುಂಟೇ?

ಸವಡಿಯ ಬಸ್ ನಿಲ್ದಾಣವಾಗಲಿ, ಮಲೆನಾಡಿನ ಸಂತೆಯಾಗಲಿ, ಬೀಡಿಯ ಹೊಗೆ ಸೇದುವವನ ಬಾಯಲ್ಲೇ ನಿಲ್ಲುವುದಿಲ್ಲ. ಪಕ್ಕದ ಹಸುಗೂಸಿನ ಎದೆಗೂ ಇಳಿಯುತ್ತದೆ. ಗಾಳಿ ಎಲ್ಲರ ಸೊತ್ತು. ಆದ್ದರಿಂದ ನಿಷೇಧವನ್ನು ವಿರೋಧಿಸುವವರ ‘ವ್ಯಕ್ತಿಸ್ವಾತಂತ್ರ್ಯ’ದ ವಾದಕ್ಕೆ ಇಲ್ಲಿ ನೆಲೆಯಿಲ್ಲ. 2008ರ ಅಕ್ಟೋಬರ್ 2ರಂದು ದೇಶದಾದ್ಯಂತ ಜಾರಿಗೆ ಬಂದ ನಿಯಮಗಳ ತಿರುಳೂ ಇದೇ. 2025ರಲ್ಲಿ ಕರ್ನಾಟಕವು ದಂಡದ ಮಿತಿಯನ್ನು 200ರಿಂದ 1000 ರೂಪಾಯಿಗೆ ಏರಿಸಿತು.

ವಿರೋಧಿಗಳ ಇನ್ನೊಂದು ವಾದ, ತಂಬಾಕು ಬೆಳೆಗಾರನ ಬದುಕು. ಇದು ಗಂಭೀರವಾದುದೇ. ಆದರೆ ಹುಣಸೂರು, ಪಿರಿಯಾಪಟ್ಟಣಗಳಲ್ಲಿ ಎಲೆ ಹದಗೊಳಿಸುವ ಬ್ಯಾರನ್‌ಗಳು ಸೌದೆಯನ್ನು, ಅಂದರೆ ಮರಗಳನ್ನು ನುಂಗುತ್ತವೆ. ರೈತನಿಗೆ ಬೇಕಾದುದು ನಿಷೇಧದ ಸಡಿಲಿಕೆಯಲ್ಲ. ಪರ್ಯಾಯ ಬೆಳೆ ಮತ್ತು ಅದಕ್ಕೆ ಖಚಿತವಾದ ಬೆಲೆ. ಅದನ್ನು ಒದಗಿಸದೆ, ಬೀಡಿ ಸೇದುವ ಬಡವನಿಂದ ದಂಡವನ್ನಷ್ಟೇ ವಸೂಲು ಮಾಡುವ ಸರ್ಕಾರದ್ದು ಅರ್ಧ ನ್ಯಾಯ.